ಸೇತುವೆಯ ಬುಡದಲ್ಲಿ ನಾನಿರಲಿಲ್ಲ

ತಂಗಿ ಓಡಿ ಮುಗಿಸುವವರೆಗೆ ಸೇತುವೆಯ ಬುಡದಲ್ಲೇ ಇರುತ್ತೇನೆ ಅಂದವನು ನಾನು. ಒಂದು ದಿನ ಇರಲಿಲ್ಲ. ಇರಲಿಲ್ಲ ಅನ್ನುವುದನ್ನು ಅವಳಿಗೆ ಹೇಳಲೂ ಇಲ್ಲ.

ನಾನು ಆಟೋ ಓಡಿಸುವವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಬರೆದು ಅಭ್ಯಾಸವಿಲ್ಲ, ಆದದ್ದನ್ನು ಆದ ಹಾಗೇ ಹೇಳುತ್ತೇನೆ. ತಂಗಿ ಸಿ.ವಿ. ರಾಮನ್ ನಗರದ ಒಂದು ಆಫೀಸಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಅಲ್ಲಿನವರ ಜೊತೆ ಸೇರಿ ಅವಳಿಗೆ ಓಟದ ಹುಚ್ಚು ಹಿಡಿಯಿತು. ಬೆಟ್ಟದ ದಾರಿಯಲ್ಲಿ ಓಡುವ ಪಂದ್ಯಕ್ಕೆ ಹೆಸರು ಕೊಟ್ಟು ಬಂದಳು. ಅದಕ್ಕೆ ಪ್ರತಿ ವಾರ ಏರುದಾರಿಯಲ್ಲಿ ತುಂಬಾ ಹೊತ್ತು ಓಡಿ ಅಭ್ಯಾಸ ಮಾಡಬೇಕಂತೆ. ನಾವಿರುವ ರಾಮಮೂರ್ತಿ ನಗರಕ್ಕೆ ಬೆಟ್ಟವನ್ನು ಎಲ್ಲಿಂದ ತರುವುದು?

"ಅಣ್ಣ, ನಿನ್ ಗಾಡಿ ಎಲ್ಲೆಲ್ಲಿ ತಿಣುಕುತ್ತೆ ಹೇಳು."

"ನಿನ್ನಂಥೋರು ಮೂರು ಜನ ಕೂತ್ರೆ ಎಲ್ಲಾ ಕಡೆನೂ ತಿಣುಕುತ್ತೆ."

"ತಮಾಷೆ ಬೇಡ. ಗೇರು ಎಲ್ಲಿ ಇಳಿಸ್ತೀಯ ಹೇಳು."

ಅದನ್ನು ಗೇರು ಹಾಕುವ ನನ್ನ ಎಡಗೈ ಬಲ್ಲದು. ಹಲಸೂರಿನ ಕಡೆ ಒಂದು ಏರು, ಅವಳ ಆಫೀಸಿನ ಹಿಂದೆ ಒಂದು. ಎಲ್ಲಕ್ಕಿಂತ ಹತ್ತಿರವೆಂದರೆ ನಮ್ಮ ಏರಿಯಾದ ರೈಲ್ವೆ ಮೇಲ್ಸೇತುವೆ. ಅದನ್ನೇ ಮತ್ತೆ ಮತ್ತೆ ಹತ್ತಿ ಇಳಿದರೆ ಬೆಟ್ಟವಾಯಿತು ಅಂದಳು.

ಭಾನುವಾರ ಬೆಳಕು ಹರಿಯುವ ಮೊದಲೇ ಹೊರಡಬೇಕು. ನನಗೆ ಮೊದಲಿನಿಂದಲೂ ಭಯ. ಸೇತುವೆಯ ಬುಡದಲ್ಲಿ ನಾಯಿಗಳ ಹಿಂಡು, ಮೇಲೆ ಫುಟ್‌ಪಾತ್ ಇಲ್ಲ. ರಸ್ತೆ ಖಾಲಿ ಕಂಡರೆ ಹಾಲಿನ ಗಾಡಿಯವನಿಗೂ ರೆಕ್ಕೆ ಬರುತ್ತದೆ. ನಾನೂ ಹಾಗೆ ಓಡಿಸಿದವನೇ. ಅದಕ್ಕೇ ನಾನು ಆಟೋ ತಂದು ಬುಡದಲ್ಲಿ ನಿಲ್ಲಿಸುವುದು, ಹೆಡ್‌ಲೈಟನ್ನು ಏರಿನ ಕಡೆಗೆ ಬಿಡುವುದು ಅಂತ ಆಯಿತು. ಅವಳು ಹತ್ತಿ, ಸೇತುವೆಯ ಗೂನು ದಾಟಿ ಆಚೆ ಇಳಿದು, ತಿರುಗಿ ಬಂದು, ಆಟೋದ ಟಾಪಿಗೆ ಧಪ್ಪನೆ ಒಂದು ಏಟು ಕೊಟ್ಟು ಮತ್ತೆ ಹತ್ತುವಳು. ಗೂನಿನ ಆಚೆ ಹೋದರೆ ಕಾಣುತ್ತಿರಲಿಲ್ಲ. ಅಲ್ಲಿಂದ ಲಾರಿಯ ಸದ್ದು ಬಂದರೆ ಸೀಟಿನಿಂದ ಅರ್ಧ ಎದ್ದು ನೋಡುತ್ತಿದ್ದೆ. ಟಾಪಿಗೆ ಏಟು ಬಿದ್ದ ಮೇಲೇ ಉಸಿರು.

ಆ ಭಾನುವಾರ ಮಂಜು ಕವಿದಿತ್ತು. ಅವಳು ಆಗಷ್ಟೇ ಟಾಪಿಗೆ ಬಡಿದು ಹತ್ತಿದ್ದಳು. ಚೀಲ ಹೊತ್ತ ಗಂಡ ಹೆಂಡತಿ, ವಯಸ್ಸಾದವರು, ಓಡೋಡಿ ಬಂದರು.

"ಕೆ.ಆರ್. ಪುರಂ ಸ್ಟೇಷನ್‌ಗೆ ಬಿಡಪ್ಪ, ಟ್ರೈನ್ ಹೊರಟೋಗುತ್ತೆ."

ದಿನದ ಬೋಣಿ ಅದು. ಮೊದಲ ಸವಾರಿಯನ್ನು ವಾಪಸ್ ಕಳಿಸಿದರೆ ಆ ದಿನವೆಲ್ಲ ಗಾಡಿ ಖಾಲಿ ಅಂತ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತಿದ್ದೆ. ಅವಳು ಸುತ್ತು ಹಾಕಿ ಬರುವಷ್ಟರಲ್ಲಿ ಬಂದುಬಿಡುತ್ತೇನೆ ಅಂದುಕೊಂಡು ಹತ್ತಿಸಿಕೊಂಡೆ. ಸ್ಟೇಷನ್ನಿನಲ್ಲಿ ಅವರು ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡೆ. ಆ ಹೊತ್ತಿಗೆ ಅವಳು ಬಿದ್ದಾಗಿತ್ತೋ ಏನೋ.

ವಾಪಸ್ ಬಂದು ನಿಂತೆ. ಟಾಪಿಗೆ ಏಟು ಬೀಳಲೇ ಇಲ್ಲ. ಎಷ್ಟು ಕಾದೆನೋ ನೆನಪಿಲ್ಲ. ಆಟೋವನ್ನು ಸೇತುವೆಗೆ ಹತ್ತಿಸಿದೆ. ಗೂನಿನ ಆಚೆ, ಸೇತುವೆಯ ತಡೆಗೋಡೆಗೆ ಒರಗಿ ಕೂತಿದ್ದಳು. ಸೇತುವೆಯ ಕಾಂಕ್ರೀಟು ಕೂಡುವ ಕಡೆ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದರ ಸಂದಿಗೆ ಕಾಲು ಸಿಕ್ಕಿ ಹೊರಳಿತ್ತು. ಒಂದು ಟೆಂಪೋ ಅವಳ ಪಕ್ಕದಲ್ಲೇ ಹಾರ್ನ್ ಹೊಡೆದುಕೊಂಡು ಹೋಯಿತು.

"ಎಷ್ಟು ಕೂಗ್ದೆ ಗೊತ್ತಾ ಅಣ್ಣ? ಕೇಳಿಸ್ಲೇ ಇಲ್ವಾ?" ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಇಲ್ಲ ಕಣೆ. ಕೆಳಗೇ ಇದ್ದೆ. ಲಾರಿ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ."

ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಕಾಲು ವಾಸಿಯಾಗಿ ಮತ್ತೆ ಓಡಲು ಹೊರಟ ದಿನ ಅವಳ ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು.

"ಅವತ್ತು ನನ್ ದನಿ ಸಾಲ್ಲಿಲ್ಲ. ಇದಾದ್ರೆ ನಿನ್ ಕಿವುಡು ಕಿವಿಗೂ ಕೇಳುತ್ತೆ," ಅಂದು ಊದಿ ತೋರಿಸಿದಳು. ಮಲಗಿದ್ದ ನಾಯಿಗಳೆಲ್ಲ ಎದ್ದು ಬೊಗಳಿದವು. ಅವಳು ನಗುತ್ತಾ ಹತ್ತಿದಳು.

ಅವಳು ಗೂನಿನ ಹಿಂದೆ ಮರೆಯಾದ ಮೇಲೂ ಆ ಸೀಟಿ ನನ್ನ ತಲೆಯಿಂದ ಹೋಗಲಿಲ್ಲ. ನಿಜ ಹೇಳಿದರೆ ಇನ್ನು ಮೇಲೆ ನನ್ನನ್ನು ಎಬ್ಬಿಸದೆ, ಈ ಕತ್ತಲಲ್ಲಿ ಒಬ್ಬಳೇ ಬಂದುಬಿಟ್ಟರೆ? ಹೇಳದೆ ಇದ್ದರೆ ಆ ಸೀಟಿಯನ್ನು ನಂಬಿಕೊಂಡು ಓಡುತ್ತಾಳೆ. ಕೇಳಿಸಿಕೊಳ್ಳಲು ನಾನಿಲ್ಲದ ದಿನ ಸೀಟಿ ಊದಿ ಏನು ಬಂತು? ತಪ್ಪು ತನ್ನ ದನಿಯದೇ ಅಂತ ಮತ್ತೆ ಅಂದುಕೊಳ್ಳುತ್ತಾಳೆ.

ಟಾಪಿಗೆ ಧಪ್ಪನೆ ಏಟು ಬಿತ್ತು.

"ನಿಂತ್ಕೊ," ಅಂದೆ.

"ಏನು, ನಿದ್ದೆ ಬಂತಾ?" ನಿಂತಲ್ಲೇ ಕಾಲು ಕುಣಿಸುತ್ತಿದ್ದಳು.

ಗಾಡಿಯಿಂದ ಇಳಿದೆ. ನನ್ನ ಮುಖ ನೋಡಿ ಅವಳ ಕಾಲು ತಾನಾಗಿ ನಿಂತಿತು.

"ಅವತ್ತು ನಿನ್ ದನಿ ಸಾಲ್ದೆ ಅಲ್ಲ ಪುಟ್ಟಿ. ನಾನೇ ಇಲ್ಲಿರ್ಲಿಲ್ಲ. ಬೋಣಿ ಬಂತು ಅಂತ ಸ್ಟೇಷನ್‌ಗೆ ಹೋಗ್ಬಿಟ್ಟಿದ್ದೆ. ನಿನ್ನ ಬಿಟ್ಟು ಹೋದೆ, ಅದ್ರ ಮೇಲೆ ಸುಳ್ಳೂ ಹೇಳ್ದೆ. ತಪ್ಪಾಯ್ತು ಕಣೆ. ಕ್ಷಮಿಸ್ಬಿಡು."