ಎಂಟು-ಹತ್ತರ ಕಾಗದದ ಮೇಲೆ ದೊಡ್ಡಮ್ಮನ ಮನೆ

ಆರ್ಕಿಟೆಕ್ಚರ್ ಓದುತ್ತೇನೆಂದು ಹಟ ಹಿಡಿದು ಕೂತಿದ್ದ ಕಾಲ ಅದು. ನಾನು ಕಣ್ಣಿಟ್ಟಿದ್ದ ಕಾಲೇಜಿನವರು ಅಂಕಪಟ್ಟಿಯ ಜೊತೆಗೆ ಪೋರ್ಟ್‌ಫೋಲಿಯೊ ಕೇಳಿದ್ದರು. ನಾನೇ ಬರೆದ ಚಿತ್ರ, ನಕ್ಷೆ, ಮಾದರಿಗಳ ಫೋಟೊ ಎಲ್ಲವನ್ನೂ ಹನ್ನೆರಡು ಪುಟಕ್ಕೆ ಜೋಡಿಸಿ ಒಂದೇ ಪಿಡಿಎಫ್ ಮಾಡಿ ಕಳಿಸಬೇಕು. ಸೇಲಂನ ನಮ್ಮ ಮನೆಯಲ್ಲಿ ಅಪ್ಪನಿಗೆ ಬ್ಯಾಂಕು, ಅಮ್ಮನಿಗೆ ಶಾಲೆ. ಇಬ್ಬರಿಗೂ ಆ ಪದವೇ ಹೊಸದು. "ಈ ಒಂದ್ ಸಲ ನೋಡು ಕಣ್ಣು. ಸಿಗಲಿಲ್ಲಾಂದ್ರೆ ಬಿಕಾಂ ಸೇರ್ಕೊ" ಎಂದು ಅಪ್ಪ ಮೆತ್ತಗೆ ಹೇಳಿ ಮುಗಿಸಿದ್ದರು. ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುವುದು 'ಕಣ್ಣು' ಎಂದೇ. ಬಿಕಾಂ ನನಗೆ ಬೇಡವೇ ಬೇಡವಾಗಿತ್ತು.

ಕೆಲಸಕ್ಕೆ ಕೈಹಾಕುವ ಮೊದಲು ಸಾಫ್ಟ್‌ವೇರ್ ಆರಿಸಬೇಕಲ್ಲ, ಮೂರು ವಾರ ಅದನ್ನೇ ಮಾಡಿದೆ. ಫೋನಿನಲ್ಲಿ ವಿಡಿಯೊ ಮೇಲೆ ವಿಡಿಯೊ. ಪುಟ ಜೋಡಿಸುವ ಸಾಫ್ಟ್‌ವೇರ್ ಇಲ್ಲದಿದ್ದರೆ ಸೀಟು ಮರೆತುಬಿಡಿ ಎಂದ ಒಬ್ಬ. ಫೋಟೊ ತಿದ್ದುವುದು ಬರದಿದ್ದರೆ ಮುಗಿಯಿತು ಎಂದಳು ಇನ್ನೊಬ್ಬಳು. ಮನೆಯನ್ನು ಮೂರು ಆಯಾಮದಲ್ಲಿ ಎಬ್ಬಿಸಿ ನಿಲ್ಲಿಸುವುದೇ ಬೇಕು ಎಂದ ಮತ್ತೊಬ್ಬ. ಏಳು ದಿನ ಉಚಿತವಾಗಿ ಸಿಗುವುದೊಂದನ್ನು ಇಳಿಸಿಕೊಂಡೆ, ಐದು ದಿನ ಅಕ್ಷರದ ಶೈಲಿ ಹುಡುಕುವುದರಲ್ಲೇ ಕಳೆದೆ. ಆಗಿನ ನನ್ನ ಬುದ್ಧಿಗೆ ಈಗ ನಾನೇ ಕೈಮುಗಿಯುತ್ತೇನೆ.

ನನ್ನ ಸಂಗ್ರಹದಲ್ಲಿ ಹೆಮ್ಮೆಪಡುವಂಥದ್ದು ಒಂದೇ ಇತ್ತು, ಎಡಪ್ಪಾಡಿಯ ದೊಡ್ಡಮ್ಮನ ಮನೆಯ ನಕ್ಷೆ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮಗ್ಗದ ಸೀರೆಗಳಿಗೆ ಅಂಚು, ಸೆರಗಿನ ಡಿಸೈನ್ ಬರೆಯುವುದು ಅವರ ಕೆಲಸ. ಹಿಂದಿನ ಬೇಸಿಗೆ ರಜೆಯಲ್ಲಿ ಟೇಪು ಹಿಡಿದು ಅವರ ಮನೆಯ ಮೂಲೆಮೂಲೆ ಅಳೆದಿದ್ದೆ. ಬರೆಯಲು ಅವರ ಮೇಜಿನ ಮೇಲಿದ್ದ ಚೌಕಳಿ ಕಾಗದವನ್ನೇ ಎಳೆದುಕೊಂಡಿದ್ದೆ. ಒಂದು ಚೌಕ ಅರ್ಧ ಅಡಿ, ಇಷ್ಟೇ ಲೆಕ್ಕ.

ತೊಂದರೆ ಶುರುವಾದದ್ದು ಆ ನಕ್ಷೆಯಿಂದಲೇ. ಅವರ ಮಗ್ಗ ಇರುವ ನಡುಮನೆ ಹದಿನಾರಕ್ಕೆ ಹದಿನಾರು ಅಡಿ, ಸರಿಯಾದ ಚೌಕ. ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿಗೆ ಹಾಕಿ ಅಳತೆ ಕೊಟ್ಟರೆ ಒಂದು ಕಡೆ ಹದಿನಾರು ಬರುತ್ತದೆ, ಇನ್ನೊಂದು ಕಡೆ ಇಪ್ಪತ್ತು! ಕಾಗದದ ಮೇಲೆ ಎಣಿಸಿದರೆ ಎರಡೂ ಕಡೆ ಮೂವತ್ತೆರಡು ಚೌಕ. ನನ್ನ ಲೆಕ್ಕ ತಪ್ಪಿಲ್ಲ, ಸಾಫ್ಟ್‌ವೇರೇ ದರಿದ್ರದ್ದು ಎಂದು ಇನ್ನೊಂದಕ್ಕೆ ಹಾರಿದೆ. ಅಲ್ಲೂ ಇಪ್ಪತ್ತು. ಮೂರನೆಯದರಲ್ಲೂ ಇಪ್ಪತ್ತು. ಅಷ್ಟರಲ್ಲಿ ಉಚಿತದ ಏಳು ದಿನ ಮುಗಿದು, ಅದರಲ್ಲಿ ಜೋಡಿಸಿದ್ದ ಪುಟಗಳಿಗೂ ಬೀಗ ಬಿತ್ತು. ಕಳಿಸಲು ಉಳಿದಿದ್ದದ್ದು ನಾಲ್ಕು ದಿನ. ಅಮ್ಮ ನನ್ನ ಮುಖ ನೋಡಿ, ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬೆಳಗಿನ ಎಡಪ್ಪಾಡಿ ಬಸ್ಸು ಹತ್ತಿಸಿದರು.

ದೊಡ್ಡಮ್ಮ ಕಂಪ್ಯೂಟರ್ ಕಲಿತದ್ದು ಐವತ್ತು ದಾಟಿದ ಮೇಲೆ. ಕೈಯಲ್ಲಿ ಬರೆದ ಡಿಸೈನ್ ಕೇಳುವವರು ಕಡಿಮೆಯಾದಾಗ, ತಮ್ಮ ಅರ್ಧ ವಯಸ್ಸಿನವರ ಜೊತೆ ಕೂತು ಕಲಿತುಕೊಂಡರು. ಇಂಗ್ಲಿಷ್ ಓದಲು ಬರುವುದಿಲ್ಲ. ಎಡದಿಂದ ನಾಲ್ಕನೆಯ ಗುಂಡಿ, ಅದರೊಳಗೆ ಮೇಲಿಂದ ಆರನೆಯ ಸಾಲು, ಹೀಗೆ ಎಲ್ಲವನ್ನೂ ಜಾಗದ ಮೇಲೆ ನೆನಪಿಟ್ಟಿದ್ದಾರೆ. ಮೊದಲೆಲ್ಲ ಇದನ್ನು ನೋಡಿ ನಗುತ್ತಿದ್ದವಳು ನಾನು.

"ಯಾವ ಸಾಫ್ಟ್‌ವೇರ್ ಒಳ್ಳೇದು ದೊಡ್ಡಮ್ಮ?" ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಏನ್ ತೋರಿಸ್ಬೇಕು ಅಂತ ಮೊದ್ಲು ಯೋಳು ಕಣ್ಣು. ಎಲ್ಲಾ ನೆಲದ ಮ್ಯಾಲೆ ಆಕು."

ಚೀಲದಲ್ಲಿದ್ದ ನಲವತ್ತು ಕಾಗದಗಳನ್ನು ನಡುಮನೆಯ ತುಂಬ ಹರಡಿದೆ. ಅವರು ಸೀರೆ ಎತ್ತಿ ಕಟ್ಟಿ ಅವುಗಳ ನಡುವೆ ನಡೆದರು. ವ್ಯಾಪಾರಿಗಳಿಗೆ ಡಿಸೈನ್ ತೋರಿಸುವಾಗಲೂ ಹೀಗೆಯೇ ಮಾಡುತ್ತಾರಂತೆ: ಎಲ್ಲವನ್ನೂ ಹರಡಿ, ತಾವೇ ವ್ಯಾಪಾರಿಯಾಗಿ ನಡೆದು, ಕಾಲು ನಿಲ್ಲದ ಕಾಗದವನ್ನು ತೆಗೆದುಬಿಡುವುದು. ಇಪ್ಪತ್ತೊಂಬತ್ತು ಕಾಗದ ಮೂಲೆ ಸೇರಿದವು. ನಾನು ಎರಡು ತಿಂಗಳು ತಿದ್ದಿ ತೀಡಿದ್ದ ಗಾಜಿನ ಗೋಪುರವೂ ಅದರಲ್ಲಿತ್ತು. ಸಿಟ್ಟು ಬಂತು, ನುಂಗಿಕೊಂಡೆ.

ಆಮೇಲೆ ಅವರ ಕಾಲು ತಮ್ಮ ಮನೆಯ ನಕ್ಷೆಯ ಮುಂದೆ ನಿಂತಿತು. ಬಗ್ಗಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು.

"ಲೇ ಕಣ್ಣು, ನಮ್ಮನೆ ಯಾವಾಗ ಇಷ್ಟು ಉದ್ದ ಆಯ್ತು?"

ಮೂರು ಸಾಫ್ಟ್‌ವೇರಿನ ಪುರಾಣ ಬಿಚ್ಚಿದೆ. ಪೂರ್ತಿ ಕೇಳಿಸಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದು ಎಂಟು-ಅತ್ತರ ಕಾಯಿತ ಕಣ್ಣು! ದಪ್ಪ ಗೆರೆ ಚೌಕ ಐತಲ್ಲ, ಅದರೊಳಗೆ ಅಡ್ಡಕ್ಕೆ ಅತ್ತು, ಉದ್ದಕ್ಕೆ ಎಂಟು. ಒಳಗಿನ ಒಂದೊಂದು ಮನೇನೂ ನೋಡಕ್ಕೆ ಚೌಕ, ಆದ್ರೆ ಚೌಕ ಅಲ್ಲ. ಸೀರೆಲಿ ಉದ್ದಕ್ಕೆ ಓಡೋ ಆಸು ನೂಲು ಒತ್ತಾಗಿರ್ತದೆ, ಅಡ್ಡ ನೂಲು ಸಡ್ಲ. ಸಮ ಕಾಯಿತದಲ್ಲಿ ಬರುದ್ರೆ ನವಿಲು ಸಣಕಲಾಗಿ ಕೊಕ್ಕರೆ ಥರ ನಿಂತ್ಕೊಳ್ತದೆ. ಅದುಕ್ಕೇ ಈ ಕಾಯಿತ. ನೀನು ನಮ್ಮನೇನ ಸೀರೆ ಮಾಡ್ಬುಟ್ಟೆ!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದೊಡ್ಡಮ್ಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ತಮ್ಮ ಗುಂಡಿಗಳನ್ನು ಎಣಿಸುತ್ತ ಹೋಗಿ, ಉದ್ದಕ್ಕೆ ಶೇಕಡಾ ನೂರು ಎಂದಿದ್ದ ಕಡೆ ಎಂಬತ್ತು ಎಂದು ಒತ್ತಿದರು. ಮನೆ ಸಲೀಸಾಗಿ ಕುಗ್ಗಿ ತನ್ನ ಅಳತೆಗೆ ಬಂದು ಕೂತಿತು. ನಡುಮನೆ ಹದಿನಾರಕ್ಕೆ ಹದಿನಾರು. ಮೂರು ವಾರದ ನನ್ನ ಗೋಳಿಗೆ ಅವರು ತೆಗೆದುಕೊಂಡದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು.

ಪುಟ ಜೋಡಿಸಲು ಅವರು ತೆರೆದದ್ದು ಶಾಲೆಯಲ್ಲಿ ನಾವೆಲ್ಲ ಸ್ಲೈಡ್ ಮಾಡುತ್ತಿದ್ದ ಸಾದಾ ಸಾಫ್ಟ್‌ವೇರ್. "ಅಯ್ಯೋ, ಇದಾ?" ಎಂದೆ. "ಇದ್ರಲ್ಲಿ ನಿಂಗೆ ಎಲ್ಲಾ ಗೊತ್ತೈತಲ್ಲ? ಇರೋ ದಿನ ಕಲಿಯಕ್ಕಾ, ಮಾಡಕ್ಕಾ?" ಎಂದರು. ಪುಟಕ್ಕೆ ಒಂದೇ ಚಿತ್ರ, ಸುತ್ತ ಧಾರಾಳವಾಗಿ ಖಾಲಿ ಜಾಗ. ಮೊದಲ ಪುಟದಲ್ಲಿ ಮನೆಯ ನಕ್ಷೆ, ಏಕೆಂದರೆ ಸೀರೆ ತೋರಿಸುವವರು ಸೆರಗನ್ನೇ ಮೊದಲು ಬಿಚ್ಚುತ್ತಾರೆ. ಎರಡನೆಯ ಪುಟದಲ್ಲಿ ನನ್ನ ತಪ್ಪು ನಕ್ಷೆ, ಪಕ್ಕದಲ್ಲಿ ಎಂಟು-ಹತ್ತರ ಕಾಗದದ ತುಂಡೊಂದು, ಏನಾಯಿತೆಂದು ನಾಲ್ಕು ಸಾಲು. ತಪ್ಪನ್ನು ಹಾಕೋಣವೆಂದದ್ದು ನಾನೇ. ಆ ಕಾಗದದ ಜಾಣತನ ಯಾರಾದರೂ ನೋಡಲೇಬೇಕು ಅನ್ನಿಸಿತ್ತು. ಮೂರನೆಯ ದಿನ ಪಿಡಿಎಫ್ ಸಿದ್ಧವಾಯಿತು.

ಕಳಿಸುವ ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು, ಈ ಕೆಲಸದಲ್ಲಿ ಯಾರದಾದರೂ ನೆರವು ಪಡೆದಿದ್ದೀರಾ ಎಂದು. ದೊಡ್ಡಮ್ಮನ ಹೆಸರು, ಅದರ ಮುಂದೆ 'ಸೀರೆ ವಿನ್ಯಾಸಗಾರ್ತಿ, ಎಡಪ್ಪಾಡಿ' ಎಂದು ಇಂಗ್ಲಿಷಿನಲ್ಲಿ ತುಂಬಿ ಅವರಿಗೆ ಓದಿ ಹೇಳಿದೆ. "ನನ್ನ ಎಸ್ರು ಯಾಕೆ ಕಣ್ಣು? ತೆಗಿ, ಸೀಟ್ ಕೊಡ್ದೇ ಬುಟ್ಟಾರು" ಎಂದು ಗಾಬರಿಯಾದರು. ಮೂವತ್ತು ವರ್ಷ ಅವರು ಬರೆದ ಸೆರಗುಗಳ ಮೇಲೆ ಅಂಗಡಿಯ ಹೆಸರು ಬಿಟ್ಟು ಬೇರೆ ಹೆಸರು ಬಂದದ್ದಿಲ್ಲ. ಅವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಕಳಿಸಿದೆ.

ಸಂದರ್ಶನಕ್ಕೆ ಕರೆದರು. ಮೂವರು ಕೂತಿದ್ದರು; ಒಬ್ಬರು ಮೊದಲು ಫಾರಂನ ಕೊನೆಯ ಸಾಲು ಓದಿದರು, ಆಮೇಲೆ ಎರಡನೆಯ ಪುಟ ಬಿಟ್ಟು ಅವರು ಮುಂದಕ್ಕೆ ಹೋಗಲೇ ಇಲ್ಲ. ವಾರದ ನಂತರ ಪಟ್ಟಿ ಬಂತು, ಅದರಲ್ಲಿ ನಾನಿದ್ದೆ. ಅಪ್ಪನಿಗಿಂತ ಮೊದಲು ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಸಿಕ್ತು ದೊಡ್ಡಮ್ಮ!"

"ಸಿಗ್ದೇ ಎಲ್ಲಿಗೋಗ್ತದೆ" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಅಲ್ಲಿ ನನ್ನ ಎಸ್ರು ಓದಿದ್ರಾ ಕಣ್ಣು?"

"ಓದಿದ್ರು ದೊಡ್ಡಮ್ಮ. ಮೂವರೂ ಕೇಳೋ ಹಂಗೆ, ಜೋರಾಗಿ."

ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಸೀಟು ಸಿಕ್ಕಿದ್ದಕ್ಕೆ ಬಾರದಿದ್ದ ಅಳು ನನಗೂ ಆಗ ಬಂತು.