ಟ್ರೈನಿಂಗಿಗೆ ಹೋದ ಮಕ್ಕಳ ಚಪ್ಪಲಿ

ನಿನ್ನೆ ಪಣಜಿಯ ಒಂದು ದೊಡ್ಡ ಹೋಟೆಲಿನಲ್ಲಿ ನಮ್ಮ ಮಕ್ಕಳ ಚಪ್ಪಲಿಗಳನ್ನು ಕಸದ ಚೀಲಕ್ಕೆ ತುಂಬಿ ಕಳಿಸಿಬಿಟ್ಟರು. ಸಿಟ್ಟು ಇನ್ನೂ ಇಳಿದಿಲ್ಲ, ಮಾತು ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೊತ್ತಿಲ್ಲದವರಿಗೆ... ನಾನು ರೇಶ್ಮಾ. ಪಣಜಿ ಹತ್ತಿರದ ಚಿಂಬಲ್‌ನಲ್ಲಿ ನಮ್ಮ ಕಾಲೊನಿಯ ಸಮುದಾಯ ಭವನ ನೋಡಿಕೊಳ್ಳುತ್ತೇನೆ. ಭವನ ಅಂದರೆ ಒಂದು ಕೋಣೆ, ಒಂದು ಫ್ಯಾನು, ಅಷ್ಟೇ.

ಗಾರೆ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ನನ್ನ ಹತ್ತಿರ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ಮಧ್ಯಾಹ್ನದ ಖಿಚಡಿಗೆ ಅಕ್ಕಿ ಬೇಳೆ ಒಂದು ಸಂಸ್ಥೆಯಿಂದ ಬರುತ್ತದೆ.

ಆ ಸಂಸ್ಥೆಯವರೇ ಈ ಸಲ ಇಂಥ ಮಕ್ಕಳ ಸೆಂಟರ್ ನಡೆಸುವವರಿಗೆ ಎರಡು ದಿನದ ಟ್ರೈನಿಂಗ್ ಇಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ, ಹೋಟೆಲಿನಲ್ಲಿ. ಬರದಿದ್ದರೆ ಸಪೋರ್ಟ್ ಬಂದ್.

ಹಾಗಾದರೆ ಆ ಎರಡು ದಿನ ಮಕ್ಕಳು ಎಲ್ಲಿರಬೇಕು? ಫೋನಿನಲ್ಲಿ ಕೇಳಿದೆ. ನಮ್ಮ ಭವನಕ್ಕೇ ಬಂದು ಕಲಿಸಿ ಅಂದೆ. ವೆನ್ಯೂ ಫಿಕ್ಸ್ ಆಗಿದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಅಂದರು ಟ್ರೈನರ್ ಮೇಡಂ.

ಅಡ್ಜಸ್ಟ್ ಅಂತೆ! ನಿನ್ನೆ ನಮ್ಮ ಹೆಂಗಸರ ಸೈಟಿನಲ್ಲಿ ಸ್ಲ್ಯಾಬ್ ಹಾಕುವ ದಿನ. ಒಮ್ಮೆ ಕಾಂಕ್ರೀಟ್ ಮಿಕ್ಸರ್ ಶುರುವಾದರೆ ಮುಗಿಯುವವರೆಗೆ ಯಾರೂ ಕೈಬಿಡುವ ಹಾಗಿಲ್ಲ, ರಜೆ ಕೇಳುವ ಹಾಗೂ ಇಲ್ಲ. ಆ ಗದ್ದಲದಲ್ಲಿ ಮಗು ಎಲ್ಲಿ ಹೋಯಿತು ಅಂತ ನೋಡುವವರೂ ಇರುವುದಿಲ್ಲ.

ಮೊನ್ನೆ ಸಂಜೆ ಯಲ್ಲವ್ವ ನಾಲ್ಕು ವರ್ಷದ ಮಗಳು ಭಾಗ್ಯಾಳನ್ನು ಎತ್ತಿಕೊಂಡು ಬಂದಳು. "ರೇಶ್ಮಕ್ಕಾ, ನಾಳೆ ಸ್ಲ್ಯಾಬ್ ಐತ್ರಿ. ಕೂಸನ್ನ ಅಲ್ಲಿ ಒಯ್ಯಾಕ ನನಗ ಧೈರ್ಯ ಇಲ್ರಿ."

"ಎಲ್ಲಾರ್ನೂ ನಾ ನನ್ನ ಜೋಡಿನ ಕರಕೊಂಡು ಹೋಗ್ತೀನಿ. ನೀ ಕಾಳಜಿ ಮಾಡಬ್ಯಾಡ" ಅಂದುಬಿಟ್ಟೆ.

ಅಂದ ಮೇಲೆ ಮುಗಿಯಿತಲ್ಲ. ಮೈದುನನ ಪಿಕಪ್ ಗಾಡಿಯ ಹಿಂದೆ ಚಾಪೆ ಹಾಸಿ, ಮಕ್ಕಳನ್ನು ಕೂರಿಸಿ, ನಾನೂ ಅವರ ಜೊತೆ ಕೂತು ಹೊರಟೆ.

ಗೂಡ್ಸ್ ಗಾಡಿ ಅಂತ ಹೋಟೆಲಿನವರು ಗೇಟಿನೊಳಗೆ ಬಿಡಲಿಲ್ಲ. ಕೆಳಗೆ ರಸ್ತೆಯಲ್ಲೇ ನಿಲ್ಲಿಸಿ, ಎಲ್ಲರೂ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಏರು ಹತ್ತಿದೆವು.

ಮೀಟಿಂಗ್ ಹಾಲಿನ ಗಾಜಿನ ಬಾಗಿಲು ಕಂಡದ್ದೇ ತಡ, ನಾನು ಹೇಳುವ ಮೊದಲೇ ಮಕ್ಕಳು ಚಪ್ಪಲಿ ಬಿಟ್ಟರು. ಭವನದಲ್ಲಿ ನಾನು ಕಲಿಸಿದ ಹಾಗೆ, ಸಾಲಾಗಿ, ವಾಪಸ್ ಹೋಗುವಾಗ ಸೀದಾ ಕಾಲು ತೂರಿಸಲು ಬರುವಂತೆ ತಿರುಗಿಸಿ ಇಟ್ಟರು. ಭಾಗ್ಯಾಳದು ಕೊನೆಗೆ. ಮ್ಹಾಪ್ಸಾದ ಶುಕ್ರವಾರದ ಸಂತೆಯಲ್ಲಿ ಅವಳಪ್ಪ ಕೊಡಿಸಿದ್ದು, ಹೆಜ್ಜೆ ಇಟ್ಟರೆ ಚೂಂಯ್ ಅನ್ನುವ ಕೆಂಪು ಚಪ್ಪಲಿ.

ಖರೇ ಹೇಳುತ್ತೇನೆ, ಆ ಸಾಲು ನೋಡಿ ನನಗೆ ಹೆಮ್ಮೆಯಾಯಿತು.

ಮೇಡಂ ಮುಖ ಗಂಟಿಕ್ಕಿದರು. ಇದು ಸೆಂಟರ್‌ಗಳ ಟ್ರೈನಿಂಗ್, ಮಕ್ಕಳನ್ನು ಯಾಕೆ ತಂದಿರಿ ಅಂತ ಹಿಂದಿಯಲ್ಲಿ ಕೇಳಿದರು. ಮಕ್ಕಳಿಲ್ಲದೆ ಯಾವ ಸೆಂಟರ್ ಮೇಡಂ, ಅಂದೆ. ಹಿಂದಿನ ಮೂಲೆಯಲ್ಲಿ ಕೂರಿಸಿ, ಸದ್ದು ಬರಬಾರದು ಅಂದರು.

ಸ್ಕ್ರೀನ್ ಮೇಲೆ ಬಂದ ಮೊದಲ ಪಾಠ ಏನು ಗೊತ್ತೇ? ಮಕ್ಕಳ ಸುರಕ್ಷತೆ. ಅದೂ ಇಂಗ್ಲಿಷಿನಲ್ಲಿ.

ಊಟವಾದ ಮೇಲೆ ಯಾರೋ ದೊಡ್ಡ ಗೆಸ್ಟ್ ಬಂದರು. ತಗೋ, ಅಲ್ಲಿಯವರೆಗೆ ಬೇಡವಾಗಿದ್ದ ಮಕ್ಕಳು ಒಮ್ಮೆಗೇ ಬೇಕಾದರು! ಎಲ್ಲರೂ ಹೊರಗೆ ಬನ್ನಿ, ಮೆಟ್ಟಿಲ ಮೇಲೆ ಗ್ರೂಪ್ ಫೋಟೋ, ಮಕ್ಕಳು ಮುಂದೆ.

ಹೊರಗೆ ಬಂದರೆ ಚಪ್ಪಲಿಯೇ ಇಲ್ಲ.

ಕೇಳಿದೆ. ಗೆಸ್ಟ್ ಕಾಯುತ್ತಿದ್ದಾರೆ, ಮೊದಲು ಫೋಟೋ, ಆಮೇಲೆ ಹುಡುಕೋಣ ಅಂದರು ಮೇಡಂ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅವರ ಕಡೆಯವರು ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿಯೂ ಆಗಿತ್ತು.

ಏಪ್ರಿಲ್ ಬಿಸಿಲು, ಕಾದ ಕಲ್ಲಿನ ಮೆಟ್ಟಿಲು. ಮಕ್ಕಳು ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದರೆ, ಕ್ಯಾಮೆರಾದವನು "ಡಾನ್ಸ್ ಮತ್ ಕರೋ, ಸ್ಮೈಲ್" ಅನ್ನುತ್ತಾನೆ. ಅವನ ನಾಲಿಗೆಗೆ ಬೆಂಕಿ ಹಾಕ!

ನಾನು ಮುನ್ನುಗ್ಗಿ ಭಾಗ್ಯಾಳನ್ನು ಎತ್ತಿಕೊಳ್ಳುವಷ್ಟರಲ್ಲಿ ಕ್ಲಿಕ್ ಆಗಿತ್ತು.

ಅಲ್ಲಿ ಕಸ ಗುಡಿಸುವವರು ಗದಗ ಕಡೆಯವರು. ನನ್ನ ಕನ್ನಡ ಕೇಳಿ ಹತ್ತಿರ ಬಂದು, ತಲೆ ತಗ್ಗಿಸಿಕೊಂಡು ಹೇಳಿದರು. "ಅಕ್ಕಾರ, ಗೆಸ್ಟ್ ಬರೋದ್ರಾಗ ಈ ಕಸ ತಗೀರಿ ಅಂದ್ರು ಮೇಡಮ್ಮಾರು. ಚೀಲದಾಗ ತುಂಬಿ ಇಟ್ಟಿದ್ವಿ. ಕಸದ ಗಾಡಿ ಹೋಗಿಬಿಟ್ಟೇತ್ರಿ."

ಈ ಕಸ... ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಷ್ಟೂ ಬೈದೆ, ಹಿಂದಿಯಲ್ಲಿ, ಕೊಂಕಣಿಯಲ್ಲಿ, ಸಾಲದ್ದಕ್ಕೆ ನಮ್ಮ ವಿಜಾಪುರ ಕನ್ನಡದಲ್ಲಿ. ಗೆಸ್ಟ್ ಕಾರು ಹತ್ತಿ ಹೋದರು.

ಮೇಡಂ ಸಾರಿ ಅಂದರು. ಹೋಟೆಲಿನ ಬಿಳಿ ಬಟ್ಟೆಯ ಸ್ಲಿಪರ್ ತರಿಸಿದರು, ದೊಡ್ಡವರ ಅಳತೆಯವು. ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಒಂದು ಮಗು ಮುಗ್ಗರಿಸಿ ಬಿತ್ತು. ನಾನೂ ಮೈದುನನೂ ಇಬ್ಬಿಬ್ಬರನ್ನು ಎತ್ತಿಕೊಂಡು, ಇಳಿದು ಹತ್ತಿ, ಇಳಿದು ಹತ್ತಿ ಗಾಡಿಗೆ ಸೇರಿಸಿದೆವು.

ಸಂಜೆ ಯಲ್ಲವ್ವ ಬಂದಳು. ಮೈತುಂಬ ಸಿಮೆಂಟು. ಮಗಳ ಅಂಗಾಲಿನ ಗುಳ್ಳೆ ಸವರಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾ. ಸೈಟಿಗೆ ಕರಕೊಂಡು ಹೋಗಿದ್ರ ಕಾಲಾಗ ಚಪ್ಪಲಿನರ ಇರ್ತಿದ್ವು."

ಬೈದಿದ್ದರೇ ಚೆನ್ನಾಗಿತ್ತು.

ಇವತ್ತು ಟ್ರೈನಿಂಗಿನ ಎರಡನೇ ದಿನ. ನಾನು ಹೋಗಿಲ್ಲ. ಭವನ ತೆರೆದಿದ್ದೇನೆ, ಒಲೆಯ ಮೇಲೆ ಖಿಚಡಿ ಬೇಯುತ್ತಿದೆ, ಮಕ್ಕಳು ಆಡುತ್ತಿದ್ದಾರೆ. ಬಾಗಿಲ ಹೊರಗೆ ಚಪ್ಪಲಿಯ ಸಾಲಿಲ್ಲ.

ಈಗ ತಾನೇ ಮೇಡಂ ಫೋನ್ ಮಾಡಿದ್ದರು. ಗೈರುಹಾಜರಾದರೆ ಮುಂದಿನ ತಿಂಗಳಿಂದ ಅಕ್ಕಿ ಬೇಳೆ ಕಷ್ಟ ಅಂದರು. ನಿಲ್ಲಿಸಿ ಅಂದೆ. ಮನೆಮನೆಗೆ ಹೋಗಿ ಒಂದೊಂದು ಹಿಡಿ ಬೇಡಿ ತರುತ್ತೇನೆ, ನಾಚಿಕೆ ನನಗಿಲ್ಲ.

ಸಂಸ್ಥೆಯ ಪೇಜಿನಲ್ಲಿ ನಿನ್ನೆಯ ಫೋಟೋ ಬಂದಿದೆ. ನೋಡಿದೆ. ಮಕ್ಕಳನ್ನು ಮೊಣಕಾಲಿನವರೆಗೆ ಮಾತ್ರ ಉಳಿಸಿ, ಕೆಳಗಿನದನ್ನು ಕತ್ತರಿಸಿದ್ದಾರೆ.

ನಿಮ್ಮಲ್ಲಿ ಎಷ್ಟು ಜನ ಅದಕ್ಕೆ ಲೈಕ್ ಒತ್ತಿದ್ದೀರಿ?