ಅಮ್ಮನಿಗೆ ಇಟ್ಟ ಎಡೆ

ನಮ್ಮ ಮನೆಯಲ್ಲಿ ಅಮ್ಮನ ವಿಷಯಕ್ಕೆ ಇದ್ದದ್ದು ಒಂದೇ ಮಾತು: ಹೋಗ್ಬುಟ್ಲು. ನನ್ನ ಸೋದರತ್ತೆ ಅದನ್ನು ಪಾತ್ರೆ ಕುಕ್ಕಿದ ಹಾಗೆ ಹೇಳುತ್ತಿದ್ದರು. ಅಪ್ಪ ಅದನ್ನೂ ಹೇಳುತ್ತಿರಲಿಲ್ಲ. ಹೊಸೂರಿನಲ್ಲಿ ನಾವಾಡುವ ಮೂರು ಭಾಷೆಗಳಲ್ಲೂ ಸತ್ತವರನ್ನು ಹೋದರು ಎನ್ನುವುದೇ ರೂಢಿ. ಪಕ್ಕದ ಮನೆಯವರು ತಮಿಳಿನಲ್ಲಿ ‘ಪೋಯಿಟ್ಟಾ’ ಎಂದರು, ಹಾಲಿನವಳು ತೆಲುಗಿನಲ್ಲಿ ‘ಪೋಯಿಂದಿ’ ಎಂದಳು. ಮೂವರೂ ಒಂದೇ ಸಂಗತಿ ಹೇಳುತ್ತಿದ್ದಾರೆಂದು ತಿಳಿದು ಮಗುವಾಗಿದ್ದ ನಾನು ಸುಮ್ಮನಾದೆ.

ಅಮ್ಮ ಹೋದಾಗ ನನಗೆ ಮೂರು ವರ್ಷ. ಮನೆಯಲ್ಲಿ ಉಳಿದವರು ಮೂವರು: ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದು ನಿಂತ ಅತ್ತೆ, ನಾನು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಸೂಳಗಿರಿಯ ಹೊಲಮನೆಯಿಂದ ದೊಡ್ಡಪ್ಪ ಬರುತ್ತಿದ್ದರು. ದೊಡ್ಡಮ್ಮ ತೀರಿಕೊಂಡ ಮೇಲೆ ಹಿರಿಯರಿಗೆ ಎಡೆ ಇಡುವುದು ನಮ್ಮ ಮನೆಯಲ್ಲೇ ಆಗಿತ್ತು. ನಡುಮನೆಯಲ್ಲಿ ನಾಲ್ಕು ಎಲೆ ಹಾಕುತ್ತಿದ್ದರು, ತಾತನಿಗೆ, ಅಜ್ಜಿಗೆ, ದೊಡ್ಡಮ್ಮನಿಗೆ, ಅಮ್ಮನಿಗೆ. ಒಬ್ಬೊಬ್ಬರಿಗೆ ಇಷ್ಟವಾಗಿದ್ದನ್ನು ಅವರವರ ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ನಾವೆಲ್ಲ ಜಗಲಿಯಲ್ಲಿ ಕೂರುತ್ತಿದ್ದೆವು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಆಮೇಲೆ ದೊಡ್ಡಪ್ಪ ಒಮ್ಮೆ ಕೆಮ್ಮಿ ಬಾಗಿಲು ತೆಗೆಯುತ್ತಿದ್ದರು. ಅಮ್ಮನ ಎಲೆಯ ಪಕ್ಕದ ಸೀರೆ ನನಗೆ ಬರುತ್ತಿತ್ತು. ಅದನ್ನು ಉಟ್ಟು ಎಲ್ಲರಿಗೂ ನಮಸ್ಕಾರ ಮಾಡಬೇಕಿತ್ತು. ಆರನೆಯ ವಯಸ್ಸಿನಲ್ಲಿ ಅದನ್ನು ನಾಲ್ಕು ಮಡಿಕೆ ಮಾಡಿ ಸುತ್ತುತ್ತಿದ್ದರು.

ಬೆಂಗಳೂರಿನ ಕಾಲೇಜಿನಲ್ಲಿ ಚರಿತ್ರೆ ಓದುವಾಗ ನಮಗೆ ಹೇಳಿಕೊಟ್ಟದ್ದು ಮುಖ್ಯವಾಗಿ ಒಂದೇ, ಆಧಾರ ಎಲ್ಲಿದೆ ಎಂದು ಕೇಳುವುದು. ರಜೆಯಲ್ಲಿ ಸೂಳಗಿರಿಗೆ ಹೋದಾಗ ಹೊಲದ ಬದುವಿನಲ್ಲಿ ನಿಂತು ನೋಡಿದೆ. ನಮ್ಮಲ್ಲಿ ಹೂಳುವ ಪದ್ಧತಿ. ತಾತ, ಅಜ್ಜಿ, ದೊಡ್ಡಮ್ಮ, ಮೂವರ ತಲೆಯ ಕಡೆಗೂ ಒಂದೊಂದು ಕಲ್ಲು ನೆಟ್ಟಿತ್ತು. ನಾಲ್ಕನೆಯದು ಇರಲಿಲ್ಲ. ದೊಡ್ಡಪ್ಪನನ್ನು ಕೇಳಿದರೆ, ಬಾವಿಯ ನೀರು ಈ ವರ್ಷ ಬೇಗ ಇಳಿಯಿತು ಎಂದರು. ಅತ್ತೆಯನ್ನು ಕೇಳಿದೆ.

“ಹೋಗ್ಬುಟ್ಲು ಅಂದ್ರೆ ಹೋಗ್ಬುಟ್ಲು. ಕಾಲೇಜ್ನಲ್ಲಿ ಕಲ್ಲು ಎಣಿಸೋದು ಹೇಳ್ಕೊಟ್ರಾ?” ಎಂದರು.

ಬಿ.ಎ. ಮುಗಿಸಿ ನಾನು ಮನೆಗೆ ಬಂದದ್ದು ಎರಡನೆಯ ಮಹಾಯುದ್ಧ ನಿಂತ ಮರುವರ್ಷ. ಕೃಷ್ಣಗಿರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಕರೆಯುತ್ತಾರೆಂದು ಕಾಯುತ್ತಿದ್ದೆ. ಆ ವರ್ಷದ ಪಿತೃಪಕ್ಷದ ಆರಂಭದಲ್ಲೇ ಊರಿಗೆ ಒಂದು ಸರ್ಕಸ್ ಬಂತು. ಎತ್ತಿನ ಗಾಡಿಯ ಮೇಲೆ ತಮಟೆ ಬಡಿಯುತ್ತ, ತಮಿಳಿನಲ್ಲೂ ಕನ್ನಡದಲ್ಲೂ ಅಚ್ಚಾದ ಬಣ್ಣದ ಕಾಗದಗಳನ್ನು ಎಸೆಯುತ್ತ ನಮ್ಮ ಬೀದಿಗೂ ಬಂದರು. ಅತ್ತೆ ಹಾಲು ಕಾಯಿಸುತ್ತಿದ್ದವರು ಎದ್ದು ಬಂದು ಬೀದಿಬಾಗಿಲು ಹಾಕಿ ಅಗುಳಿ ಇಟ್ಟರು. ಹಾಲು ಉಕ್ಕಿತು. ಹಾಲು ಉಕ್ಕಿದರೆ ಬೀದಿಗೆ ಕೇಳುವ ಹಾಗೆ ಬೈಯುವ ಹೆಂಗಸು ಅಂದು ಒಂದು ಮಾತೂ ಆಡದೆ ಒಲೆ ಸಾರಿಸಿದರು. ಸಂಜೆ ಅಪ್ಪನ ಕಡೆ ನೋಡಿಕೊಂಡು ನನಗೆ ಹೇಳಿದರು: ಆ ಡೇರೆಯ ದಿಕ್ಕಿಗೆ ಹೋದರೆ ಕಾಲು ಮುರಿಯುತ್ತೇನೆ. ನನಗೆ ಇಪ್ಪತ್ತೊಂದು ವರ್ಷ. ಅಪ್ಪ ಪತ್ರಿಕೆ ಮಡಿಸಿ ಎದ್ದುಹೋದರು.

ನಾನು ಮಾರನೆಯ ಮಧ್ಯಾಹ್ನವೇ ಹೋದೆ.

ಆಟವಿಲ್ಲದ ಹೊತ್ತಿನಲ್ಲಿ ಡೇರೆಯ ಬದಿಗಳನ್ನು ಮೇಲಕ್ಕೆ ಸುತ್ತಿದ್ದರು. ನಡುವಿನ ಮಣ್ಣಿನಲ್ಲಿ ಇಬ್ಬರು ಹುಡುಗಿಯರು ಹಿಂದೆ ಮುಂದೆ ಕೂತು ಒಬ್ಬಳ ತಲೆಯಲ್ಲಿ ಒಬ್ಬಳು ಹೇನು ನೋಡುತ್ತಿದ್ದರು. ಸಿಂಹದ ಪಂಜರದಲ್ಲಿ ಸಿಂಹವಿರಲಿಲ್ಲ, ಅಡುಗೆಯ ಸೌದೆ ಇತ್ತು. ಈ ಊರ ಕಡೆಯ ಹೆಂಗಸು ಯಾರಾದರೂ ಇದ್ದಾರೆಯೇ ಎಂದು ಕಾವಲಿನವನನ್ನು ತಮಿಳಿನಲ್ಲಿ ಕೇಳಿದೆ. ಹಿಂದುಗಡೆ ಕುದುರೆ ಲಾಯಕ್ಕೆ ಹೋಗು ಎಂದು ಕೈ ತೋರಿಸಿದ.

ಅಲ್ಲಿ ಒಂದು ದೊಡ್ಡ ತಪ್ಪಲೆಯಲ್ಲಿ ಕುದುರೆಗಳಿಗೆ ಹುರುಳಿ ಬೇಯುತ್ತಿತ್ತು. ಆಕೆ ಅದನ್ನು ದೊಣ್ಣೆಯಿಂದ ತಿರುವುತ್ತಿದ್ದಳು. ನನ್ನನ್ನು ಒಂದು ಸಲ ನೋಡಿ ಮತ್ತೆ ತಪ್ಪಲೆಯ ಕಡೆ ತಿರುಗಿದಳು.

“ಮೂಗು ಅಪ್ಪಂದೇ ಬಂದೈತೆ. ಏನ್ ಬೇಕು?”

ನೀವು ಬದುಕಿದ್ದೀರಿ ಎಂದೆ. ಹೂಂ, ಇನ್ನೂ ಇದ್ದೇನೆ ಎಂದಳು. ಎಲ್ಲರೂ ಏನು ಹೇಳಿದ್ದಾರೆಂದು ಕೇಳಿದಳು. ಎಡೆಯ ವಿಷಯ ಹೇಳಿದೆ. ನಾಲ್ಕನೆಯ ಎಲೆ, ಮುಚ್ಚಿದ ಬಾಗಿಲು, ಸೀರೆ, ಎಲ್ಲವನ್ನೂ, ಪರೀಕ್ಷೆಯಲ್ಲಿ ಉತ್ತರ ಬರೆದಂತೆ ಒಂದಾದ ಮೇಲೆ ಒಂದು. ಕೇಳುತ್ತ ಆಕೆಯ ದೊಣ್ಣೆ ನಿಂತಿತು.

“ನಂಗೆ ಏನ್ ಮಡಗ್ತಾರೆ?”

“ಕಜ್ಜಾಯ. ನಿಮಗೆ ಇಷ್ಟ ಅಂತ ಅತ್ತೆ ಹೇಳ್ತಾರೆ.”

“ಕಜ್ಜಾಯ ಇಷ್ಟ ಇರೋದು ಅವಳಿಗೆ. ಹದಿನೆಂಟು ವರ್ಷ ನನ್ನ ಹೆಸ್ರಲ್ಲಿ ತಿಂದವ್ಳೆ.”

ಉಳಿದದ್ದನ್ನು ಆಕೆ ಹುರುಳಿ ತಿರುವುತ್ತಲೇ ಹೇಳಿದಳು. ಆಕೆಯ ತಂದೆ ಊರ ಹೊರಗಿನ ಸರ್ಕಾರಿ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಆಳು. ಆಕೆ ನಡೆಯುವುದನ್ನೂ ಸವಾರಿಯನ್ನೂ ಒಟ್ಟಿಗೇ ಕಲಿತವಳು. ಗುಮಾಸ್ತನ ಸಂಬಂಧ ದೊಡ್ಡದೆಂದು ತಂದೆ ಕೊಟ್ಟ. ನಮ್ಮ ಮನೆಗೆ ಬಂದ ಮೇಲೆ ಲಾಯದ ವಾಸನೆ ಹೋಗಲಿ ಎಂದು ಅತ್ತೆ ಆಕೆಯನ್ನು ದಿನಕ್ಕೆರಡು ಸಲ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರಂತೆ, ಬಾವಿಕಟ್ಟೆಯಲ್ಲಿ, ನೆರೆಯವರು ನೋಡುವಾಗ. ಅಪ್ಪ ನೋಡಿಯೂ ನೋಡದಂತೆ ಕಚೇರಿಗೆ ಹೋಗುತ್ತಿದ್ದರು. ಈ ಸರ್ಕಸ್ಸು ಆಗ ಊರಿಗೆ ಬಂದಿತ್ತು, ಕುದುರೆಯ ಮೇಲೆ ನಿಲ್ಲುವವಳೊಬ್ಬಳು ಜ್ವರದಲ್ಲಿ ಸತ್ತು ಅವಳ ಜಾಗ ಖಾಲಿಯಿತ್ತು. ಗಂಡಸಿನ ಹಿಂದೆ ಓಡಿದಳೆಂದು ಊರು ಹೇಳಿರಬೇಕು, ಆದರೆ ತಾನು ಕುದುರೆಯ ಹಿಂದೆ ಹೋದೆ ಎಂದಳು. ಒಂಬತ್ತು ವರ್ಷ ನಿಂತು ಓಡಿಸಿದಳು. ಒಮ್ಮೆ ಬಿದ್ದು ಸೊಂಟದ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಹುರುಳಿ ಬೇಯಿಸುವುದು, ಜೀನು ಹೊಲಿಯುವುದು. ಯುದ್ಧದಲ್ಲಿ ಹತ್ತು ಕುದುರೆ ನಾಲ್ಕಾದವು; ಉಳಿದ ನಾಲ್ಕಕ್ಕೆ ಮೇವಿಲ್ಲದಾಗ ಜನರ ಅನ್ನ ಕಡಿಮೆ ಮಾಡಿದರು.

ನನ್ನನ್ನು ಏಕೆ ಬಿಟ್ಟುಹೋದಿರಿ ಎಂದು ಕೇಳಿದೆ. ಕೇಳಬಾರದಿತ್ತು ಎಂದು ಈಗಲೂ ಅನಿಸುವುದಿಲ್ಲ.

“ನಿನ್ನ ಸೊಂಟದಾಗೆ ಕೂರಿಸ್ಕೊಂಡು ಕುದುರೆ ಮ್ಯಾಲೆ ನಿಂತ್ಕೊಳ್ಳಾಕೆ ಆಯ್ತಿತ್ತಾ?” ಎಂದಳು. ದೊಣ್ಣೆಯನ್ನು ತಪ್ಪಲೆಯ ಅಂಚಿಗೆ ಕುಟ್ಟಿ, “ಹೋಗಿ ಆರು ತಿಂಗಳಾದ್ ಮ್ಯಾಲೆ ಒಂದ್ಸಲ ಬಂದಿದ್ದೆ. ಬಾಗ್ಲು ತೆಗೀಲಿಲ್ಲ. ಒಳಗೆ ನಿನ್ನ ದನಿ ಕೇಳ್ತಾ ಇತ್ತು. ಅಳ್ತಾ ಏನ್ ಇರ್ಲಿಲ್ಲ.”

ಮತ್ತೆ ಬರಬೇಡ ಎಂದು ಹೇಳಿ ತಪ್ಪಲೆ ಇಳಿಸಿದಳು. ಸಹಾಯಕ್ಕೆ ಕೈ ಚಾಚಿದ್ದಕ್ಕೆ, ಸುಟ್ಟುಕೊಂಡರೆ ನಿಮ್ಮತ್ತೆ ನನ್ನ ಮೇಲೆ ಹೇಳುತ್ತಾಳೆ, ದೂರ ನಿಲ್ಲು ಎಂದಳು.

ಮನೆಗೆ ನಡೆದು ಬರುವಾಗ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಆಕೆಯ ಪ್ರೀತಿ ನನಗೆ ಬೇಕಿರಲಿಲ್ಲ, ಸಿಗುವಂತೆಯೂ ಇರಲಿಲ್ಲ. ನನಗೆ ಬೇಕಾದದ್ದು ಅಪ್ಪನ ಬಾಯಿಂದ ಒಂದು ಮಾತು: ಅವಳು ಬದುಕಿದ್ದಾಳೆ. ಆ ಮಾತು ಬರುವವರೆಗೆ ಸತ್ತವಳ ಮಗಳಾಗಿ ನಾನು ಯಾರಿಗೂ ನಮಸ್ಕಾರ ಮಾಡುವುದಿಲ್ಲ. ಅಂದು ಸಂಜೆ ಅಪ್ಪ ಕೈಕಾಲು ತೊಳೆದು ಬಂದಾಗ, ಅಮ್ಮ ತೀರಿಕೊಂಡದ್ದು ಯಾವ ದಿನ ಎಂದು ಕೇಳಿದೆ. ನಿಮ್ಮತ್ತೆಯನ್ನು ಕೇಳು ಎಂದರು. ಡೇರೆಯ ಹಿಂದೆ ಹುರುಳಿ ಬೇಯಿಸುತ್ತಿರುವವರನ್ನು ಕೇಳಿ ಬಂದಿದ್ದೇನೆ ಎಂದೆ. ಅಪ್ಪನ ಕೈಯ ಟವಲು ಹಾಗೇ ನಿಂತಿತು. ಅತ್ತೆ ಒಳಗಿನಿಂದ ಬಂದು ನನ್ನ ಕೆನ್ನೆಗೆ ಹೊಡೆದರು. ಅಪ್ಪ ಟವಲನ್ನು ತಂತಿಗೆ ಹಾಕಿ ಹಿತ್ತಲಿಗೆ ಹೋದರು. ಆಮೇಲೆ ಅಮಾವಾಸ್ಯೆಯವರೆಗೆ ನಮ್ಮ ಮನೆಯಲ್ಲಿ ಮಾತಿರಲಿಲ್ಲ. ತಟ್ಟೆಗಳು ಬರುತ್ತಿದ್ದವು, ಹೋಗುತ್ತಿದ್ದವು.

ಅಮಾವಾಸ್ಯೆಯ ದಿನ ದೊಡ್ಡಪ್ಪ ಕುಂಬಳಕಾಯಿ ಹೊತ್ತು ಬಂದರು. ಅತ್ತೆ ನಾಲ್ಕು ಎಲೆಯನ್ನೂ ಹಾಕಿದರು. ನಾನು ನೋಡುತ್ತಿರುವಾಗ ನಾಲ್ಕನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಕಜ್ಜಾಯ ಬಡಿಸಿದರು. ಪಕ್ಕದಲ್ಲಿ ಹಸಿರು ಸೀರೆ ಇಟ್ಟರು. ಬಾಗಿಲು ಮುಚ್ಚಿ ನಾಲ್ವರೂ ಜಗಲಿಗೆ ಬಂದು ಕೂತೆವು. ನಡುಹಗಲು. ಬೀದಿಯ ಬೇರೆ ಮನೆಗಳ ಜಗಲಿಗಳಲ್ಲೂ ಜನ ಹಾಗೆಯೇ ಬಾಗಿಲು ಮುಚ್ಚಿಕೊಂಡು ಕೂತಿದ್ದರು.

ಆಕೆ ಬೀದಿಯ ತುದಿಯಿಂದ ಕುಂಟುತ್ತ ಬರುವುದನ್ನು ಮೊದಲು ಕಂಡವರು ದೊಡ್ಡಪ್ಪ. ಅವರು ಎದ್ದು ನಿಂತು, ಏಕೆ ಎದ್ದೆನೆಂದು ತಿಳಿಯದವರಂತೆ ಮತ್ತೆ ಕೂತರು. ಆಕೆ ತಲೆ ಬಾಚಿ ಹೂ ಮುಡಿದಿದ್ದಳು. ನಮ್ಮ ಮೆಟ್ಟಿಲ ಕೆಳಗೆ ನಿಂತಳು.

ಅಪ್ಪ ಬಾಯಿ ತೆರೆದರು. ಬಂದದ್ದು ತಮಿಳು, ಕಚೇರಿಯ ಕಟಕಟೆಯ ಆಚೆ ನಿಂತ ರೈತರ ಜೊತೆ ಆಡುವ ತಮಿಳು. “ಯಾರಮ್ಮಾ ನೀ? ಎನ್ನ ವೇಣುಂ?” ಯಾರು ನೀನು, ಏನು ಬೇಕು ಎಂದು ಹೆಂಡತಿಯನ್ನು ಕೇಳಿದರು. ಮನೆಯಲ್ಲಿ ಅವರು ತಮಿಳಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅರ್ಜಿ ಕೊಡಾಕೆ ಬಂದಿಲ್ಲ,” ಎಂದಳು ಆಕೆ, ಕನ್ನಡದಲ್ಲೇ. “ನಂಗೆ ಮಡಗಿರೋ ಎಡೆ ಉಣ್ಣಾಕೆ ಬಂದೆ.”

ಅತ್ತೆ ಎದ್ದು ಬಾಗಿಲಿಗೆ ಅಡ್ಡ ನಿಂತರು. “ಹಿರೇರು ಬರೋ ಹೊತ್ತು ಇದು. ದಾರಿ ಬುಟ್ಟು ನಡಿ.”

“ಅದಕ್ಕೇ ಕಣಮ್ಮ ಬಂದಿದ್ದು. ನೀವೇ ಕರ್ದಿದೀರ, ವರ್ಷ ವರ್ಷ. ಇವತ್ತು ಬಿಡುವಾಯ್ತು.”

ಎದುರು ಜಗಲಿಯಲ್ಲಿ ಯಾರೋ ನಕ್ಕರು, ತಕ್ಷಣ ನಿಲ್ಲಿಸಿಕೊಂಡರು. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಒಂದು ಮಾತಿಗೆ ಬೇಕಾದಷ್ಟು ಹೊತ್ತು ಇತ್ತು, ಎರಡಕ್ಕೂ ಇತ್ತು. ಅಪ್ಪ ಬೀದಿಯನ್ನು ಒಮ್ಮೆ ನೋಡಿ, ಇನ್ನೂ ಮೆಲ್ಲಗೆ, ಇನ್ನೂ ತಮಿಳಿನಲ್ಲೇ, ಇಲ್ಲಿ ಏನೂ ಇಲ್ಲ ಹೋಗಮ್ಮ ಎಂದರು.

ನಾನು ಎದ್ದು, ಅತ್ತೆಯ ತೋಳಿನ ಕೆಳಗೆ ಕೈ ತೂರಿಸಿ ಬಾಗಿಲು ತಳ್ಳಿದೆ. ಅತ್ತೆ ನನ್ನ ಜಡೆ ಹಿಡಿದು ಎಳೆದರು. ಆ ಎಳೆದಾಟದಲ್ಲಿ ಆದ ಸಂದಿಯಲ್ಲಿ ಆಕೆ ಮೆಟ್ಟಿಲು ಹತ್ತಿ ಒಳಗೆ ಹೋದಳು. ಮುಟ್ಟಿ ಹೊರಗೆಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ಎಡೆಯ ಮುಂದೆ ಕೂತವರನ್ನು ಎಬ್ಬಿಸಬಾರದೆಂದು ದೊಡ್ಡಪ್ಪ ತಾವೇ ಮೊದಲು ಹೇಳಿದರು, ಆಮೇಲೆ ಆ ನಿಯಮ ಸತ್ತವರಿಗೋ ಬದುಕಿದವರಿಗೋ ಎಂದು ಅವರಿಗೇ ಗೊಂದಲವಾಯಿತು.

ಆಕೆ ನಾಲ್ಕನೆಯ ಎಲೆಯ ಮುಂದೆ ಕೆಟ್ಟ ಕಾಲನ್ನು ಚಾಚಿ ಕೂತು ಉಂಡಳು. ಅವಸರ ಮಾಡಲಿಲ್ಲ. ಮುದ್ದೆ, ಸಾರು, ಪಲ್ಯ, ಅನ್ನ, ಒಂದೊಂದಾಗಿ ಮುಗಿಸಿದಳು. ಕಜ್ಜಾಯಗಳನ್ನು ಎತ್ತಿ ಪಕ್ಕದ ದೊಡ್ಡಮ್ಮನ ಎಲೆಗೆ ಇಟ್ಟಳು. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಕಂಟ್ರೋಲ್ ಅಂಗಡಿಯ ರೇಷನ್ ಬಟ್ಟೆ ಎಂದು ಅಲ್ಲೇ ಬಿಟ್ಟಳು. ಹಿತ್ತಲಲ್ಲಿ ಕೈ ತೊಳೆದು ಬಂದು ಜಗಲಿಯಲ್ಲಿ ಅಪ್ಪನ ಮುಂದೆ ನಿಂತಳು.

“ಸಾರಿಗೆ ಉಪ್ಪು ಜಾಸ್ತಿ. ಆಗ್ಲೂ ಹಂಗೇ ಇತ್ತು.”

ನನ್ನನ್ನು ದಾಟಿ ಮೆಟ್ಟಿಲಿಳಿದಳು. ಕುಂಟುತ್ತ ಬಂದ ದಾರಿಯಲ್ಲೇ ಹೋದಳು. ಎದುರು ಮನೆಯವರು ದಾರಿ ಬಿಡುವವರಂತೆ ಕಾಲು ಮಡಚಿಕೊಂಡರು.

ಅತ್ತೆ ಎಲ್ಲ ಎಲೆಗಳನ್ನೂ ಗುಡಿಸಿ ಹಸುವಿಗೆ ಹಾಕಿ, ತಲೆಗೆ ನೀರು ಹಾಕಿಕೊಂಡು ಬಂದರು. ಹಸಿರು ಸೀರೆಯನ್ನು ನನ್ನ ಮೇಲೆ ಎಸೆದು, ಉಡು, ಅಪ್ಪನಿಗೆ ನಮಸ್ಕಾರ ಮಾಡು ಎಂದರು. ನಾನು ಅಪ್ಪನ ಕಡೆ ತಿರುಗಿ, ಅಮ್ಮ ಬದುಕಿದ್ದಾರೆ ಎಂದು ಒಂದು ಸಲ ಹೇಳಿ, ಉಡುತ್ತೇನೆ ಎಂದೆ. ಅಪ್ಪ ಹೇಳಲಿಲ್ಲ. ಎರಡು ವಾರಕ್ಕೆ ಕೃಷ್ಣಗಿರಿಯಿಂದ ಕಾಗದ ಬಂತು. ಟ್ರಂಕು ನಾನೇ ಹೊತ್ತು ಬಸ್ಸಿನವರೆಗೆ ಹೋದೆ. ಆ ವೇಳೆಗೆ ಡೇರೆ ಕಿತ್ತಿದ್ದರು. ಯಾವ ಊರಿಗೆ ಹೋದರೆಂದು ನಾನು ವಿಚಾರಿಸಲಿಲ್ಲ. ಆಕೆ ಬರಬೇಡ ಎಂದದ್ದು ಗಂಭೀರವಾಗಿಯೇ ಎಂದು ನನಗೆ ಗೊತ್ತಿತ್ತು.

ಮುಂದಿನ ವರ್ಷದ ಅಮಾವಾಸ್ಯೆಗೆ ನಾನು ಹೋಗಲಿಲ್ಲ. ಅದು ಕಳೆದು ನಾಲ್ಕು ದಿನಕ್ಕೆ ದೊಡ್ಡಪ್ಪ ಕೃಷ್ಣಗಿರಿಗೆ ಬಂದು ನನ್ನ ಬಾಡಿಗೆ ಕೋಣೆಯ ಹೊಸಿಲಲ್ಲಿ ಕೂತರು. ಅತ್ತೆ ಈ ಸಲವೂ ನಾಲ್ಕು ಎಲೆ ಹಾಕಿದರಂತೆ. ಅಪ್ಪ ಬಗ್ಗಿ ನಾಲ್ಕನೆಯದನ್ನು ಎತ್ತಿ, ಒರಸಿ, ಎಲೆಯ ಕಟ್ಟಿಗೆ ಸೇರಿಸಿದರಂತೆ. ಅತ್ತೆ ಕೂಗಾಡಿದರೂ ಬಾಯಿ ಬಿಡಲಿಲ್ಲವಂತೆ. ಇದನ್ನು ಹೇಳಲೆಂದೇ ದೊಡ್ಡಪ್ಪ ಎರಡು ಬಸ್ಸು ಬದಲಿಸಿ ಬಂದಿದ್ದರು.

“ಇನ್ನೇನ್ ಬೇಕವ್ವ ನಿಂಗೆ? ನಿಮ್ಮಪ್ಪ ಎತ್ತೇಬುಟ್ನಲ್ಲ.”

ಅಪ್ಪನೇ ಬಂದು ಆ ಮಾತು ಹೇಳಬೇಕು, ಕನ್ನಡದಲ್ಲಿ ಹೇಳಬೇಕು ಎಂದೆ. ದೊಡ್ಡಪ್ಪ ಹೊಸಿಲಿನಿಂದ ಎದ್ದರು. ಅಷ್ಟು ದೂರದ ಮಾತನ್ನು ತಾನು ತಲುಪಿಸಲಾರೆ ಎಂದು ಹೇಳಿ, ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಬಸ್ಸಿಗೆ ಹೊರಟರು.